ಸಾರಾಯಿಗೆ ಮಾತ್ರ ಇಟ್ಟ ಆಣೆ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ, ನಾನು ಕುಳಿತ ಸೀಟಿನ ಕೆಳಗೆ ಖಾಲಿಯಾದ ಒಂದು ಬ್ರಾಂದಿ ಪಾಕೀಟು ಬಿದ್ದಿತ್ತು. ಮಕ್ಕಳು ಕುಡಿಯುವ ಹಣ್ಣಿನ ರಸದ ಪೊಟ್ಟಣದಂಥದ್ದೇ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಒಂದು ಮೂಲೆಯನ್ನು ಯಾರೋ ಹಲ್ಲಿನಿಂದ ಕಚ್ಚಿ ಹರಿದಿದ್ದರು. ಬಸ್ಸು ತಿರುವಿನಲ್ಲಿ ವಾಲಿದಾಗ ಅದು ಜಾರಿಬಂದು ನನ್ನ ಚಪ್ಪಲಿಗೆ ತಾಗಿತು. ಸುಟ್ಟ ಸಕ್ಕರೆಯ ಹಾಗೆ, ಅದರ ಹಿಂದೆಯೇ ಆಸ್ಪತ್ರೆಯ ಸ್ಪಿರಿಟಿನ ಹಾಗೆ ಒಂದು ವಾಸನೆ ಬಂತು. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದರು. ನಾನು ಹಿಡಿಯಲಿಲ್ಲ. ಆ ವಾಸನೆಗೆ ನನಗೆ ಒಂದು ನಡುಮನೆ ನೆನಪಾಯಿತು, ಅಲ್ಲಿ ಗೋಡೆಗೆ ಒರಗಿ ಕುಳಿತ ದೊಡ್ಡವ್ವ ನೆನಪಾದರು...

ದೊಡ್ಡವ್ವ ನನ್ನ ಅವ್ವನ ಅಕ್ಕನಲ್ಲ. ಅಪ್ಪನಿಗೆ ದಾಯಾದಿ ಲೆಕ್ಕದಲ್ಲಿ ಅಣ್ಣನಾಗಬೇಕಾದವರ ಹೆಂಡತಿ. ಎಷ್ಟು ತಲೆಮಾರು ಹಿಂದಕ್ಕೆ ಹೋದರೆ ಆ ಮನೆಯೂ ನಮ್ಮ ಮನೆಯೂ ಒಂದಾಗುತ್ತವೆ ಎಂಬುದು ನನಗೆ ಗೊತ್ತಿಲ್ಲ. ಹನೂರು ದಾಟಿ ಕೌದಳ್ಳಿಯ ಕಡೆಗೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮೂರಿನಲ್ಲಿ ಎರಡೂ ಮನೆಗಳು ಎದುರುಬದುರು. ಅವರ ಜಗಲಿಯಲ್ಲಿ ಕುಳಿತರೆ ನಮ್ಮ ಒಲೆಯ ಹೊಗೆ ಕಾಣುತ್ತಿತ್ತು. ದೊಡ್ಡವ್ವ ಜೋರಾಗಿ ಮಾತಾಡಿದವರಲ್ಲ. ಜಗಳದಲ್ಲಿ ಅವರ ದನಿ ಇನ್ನಷ್ಟು ತಗ್ಗುತ್ತಿತ್ತು. ಎದುರಿಗಿದ್ದವರು ಕೇಳಿಸಿಕೊಳ್ಳಬೇಕಾದರೆ ತಾವೇ ಬಾಯಿ ಮುಚ್ಚಬೇಕಾಗುತ್ತಿತ್ತು.

ಅವರ ತವರು ಕೊಳ್ಳೇಗಾಲದ ಹತ್ತಿರದ ಮುಳ್ಳೂರು. ಬೇಸಗೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವಾಗ ಬೀದಿಯ ಹೆಂಗಸರೆಲ್ಲ ಅವರ ಜಗಲಿಗೆ ಬರುತ್ತಿದ್ದರು. ನಾನೂ ಒಂದು ಮೂಲೆಯಲ್ಲಿ ನಾರು ಬಿಡಿಸುತ್ತಾ ಕೂರುತ್ತಿದ್ದೆ. ಆಗ ಅವರು ತಮ್ಮ ಅಪ್ಪನ ಕಾಲದ ಮಾತು ತೆಗೆಯುತ್ತಿದ್ದರು. ಆ ದಿನಗಳಲ್ಲಿ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಮದ್ರಾಸು ಕಡೆ ಪಾನನಿರೋಧ ಬಂದಿತ್ತು. ಖಾದಿಯವರು ಭಜನೆ ಮಾಡುತ್ತಾ ಬಂದು ಹೆಂಡದಂಗಡಿ ಮುಚ್ಚಿಸಿದರಂತೆ, ಈಚಲು ಮರಗಳನ್ನು ಕಡಿಸಿದರಂತೆ. ಕುಡಿಯಬೇಕೆನಿಸಿದವರು ಎದ್ದು ಯಳಂದೂರಿನ ದಾರಿ ಹಿಡಿಯುತ್ತಿದ್ದರು.

"ನಮ್ಮಪ್ಪ ಒಂದ್ದಿನಕ್ಕೂ ಕಾನೂನು ಮುರ್ದೋನಲ್ಲ ಕಣವ್ವ," ಎನ್ನುತ್ತಿದ್ದರು ದೊಡ್ಡವ್ವ. "ಎಳಂದೂರಿಗೆ ಓಗ್ಬುಟ್ಟು ಬತ್ತಿದ್ದ, ಅಷ್ಟೇಯ."

ಹೆಂಗಸರು ನಗುತ್ತಿದ್ದರು. ಯಾರ ಗಂಡನಾದರೂ ಸಂಜೆ ತೂರಾಡುತ್ತಾ ಬೀದಿಗೆ ಬಂದರೆ "ನೋಡ್ರವ್ವ, ಎಳಂದೂರ್‌ನಿಂದ ಬಂದ್ರು" ಎನ್ನುವುದು ನಮ್ಮ ಬೀದಿಯಲ್ಲಿ ವಾಡಿಕೆಯಾಗಿತ್ತು. ಮುಂದೆ ಮೈಸೂರಿನಲ್ಲಿ ಎಂ.ಎ. ಓದುವಾಗ ಲೈಬ್ರರಿಯ ಹಳೆಯ ಪುಸ್ತಕವೊಂದರಲ್ಲಿ ಕೊಳ್ಳೇಗಾಲದ ಹೆಸರು ಕೊಯಮತ್ತೂರು ಜಿಲ್ಲೆಯ ಕೆಳಗೆ ಇದ್ದುದನ್ನು ಕಂಡು ನಾನು ಒಬ್ಬಳೇ ನಕ್ಕಿದ್ದೆ. ಅಲ್ಲಿಯವರೆಗೆ ಅದನ್ನು ಅವರು ಕಟ್ಟಿದ ಕತೆ ಎಂದುಕೊಂಡಿದ್ದೆ.

ದೊಡ್ಡಪ್ಪ ಯಳಂದೂರಿಗೆ ಹೋಗಬೇಕಾಗಿರಲಿಲ್ಲ. ನಮ್ಮೂರಿನ ತಿರುವಿನಲ್ಲೇ ಸಾರಾಯಿ ಹರಾಜು ಹಿಡಿದವರ ತಗಡಿನ ಅಂಗಡಿ ಇತ್ತು. ಅಲ್ಲಿ ಪ್ಲಾಸ್ಟಿಕ್ ಪಾಕೀಟಿನ ಸಾರಾಯಿ ಸಿಗುತ್ತಿತ್ತು. ದೊಡ್ಡಪ್ಪನ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಕೊನೆಯ ದಿನಗಳಲ್ಲಿ ಅವರ ಹೊಟ್ಟೆಯೂ ಕಾಲುಗಳೂ ಊದಿದ್ದವು, ಕಣ್ಣು ಅರಿಸಿನವಾಗಿತ್ತು. ಒಂದು ಬೆಳಿಗ್ಗೆ ನಮ್ಮನ್ನು ಶಾಲೆಗೆ ಕಳಿಸಲಿಲ್ಲ... ಅಷ್ಟೇ.

ಅವರ ಕಾರ್ಯಗಳೆಲ್ಲ ಮುಗಿದ ಮೇಲೆ ದೊಡ್ಡವ್ವ ಹುಣಸೆಹಣ್ಣಿನ ಚಾಪೆಯನ್ನು ಜಗಲಿಯಿಂದ ಎತ್ತಿಕೊಂಡು ಹೋಗಿ ಸಾರಾಯಿ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಹಾಸಿದರು. ಬೀದಿಯ ಹೆಂಗಸರು ತಮ್ಮ ತಮ್ಮ ಚಾಪೆ ತಂದು ಜೊತೆಗೆ ಹಾಸಿದರು. ಕೂಗಾಟವಿಲ್ಲ, ಬೈಗುಳವಿಲ್ಲ. ಕುಟ್ಟುವುದು, ಬೀಜ ತೆಗೆಯುವುದು, ಅಷ್ಟೇ. ತಿನ್ನುವ ಪದಾರ್ಥವನ್ನು ತುಳಿಯುವುದಾಗಲಿ ದಾಟುವುದಾಗಲಿ ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಕುಡಿಯಲು ಬಂದ ಗಂಡಸರು ದೂರದಲ್ಲೇ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು.

"ಅಕ್ಕಾ, ವಸಿ ಜಾಗ ಬುಡಿ," ಎಂದು ಅಂಗಡಿಯವನು ಒಳಗಿನಿಂದ ಅಂಗಲಾಚುತ್ತಿದ್ದ.

"ನಾವೆಲ್ಲಿ ಇಡ್ಕಂಡಿದ್ದೀವಪ್ಪ? ದಾಟ್ಕಂಡು ಬರೋರು ಬರ್ಲಿ," ಎನ್ನುತ್ತಿದ್ದರು ದೊಡ್ಡವ್ವ, ತಲೆಯೆತ್ತದೆ.

ಆ ಬೇಸಗೆ ಮುಗಿಯುವ ಮೊದಲೇ ಅಂಗಡಿಯವನು ತಗಡು ಬಿಚ್ಚಿಕೊಂಡು ಹೋದ. ಆದರೆ ಹನೂರಿನಿಂದ ಪಾಕೀಟು ತರುವುದನ್ನು ಯಾರು ತಡೆಯಬೇಕು? ಅದಕ್ಕೆ ಊರಿನ ಯಜಮಾನರು ಅಮಾವಾಸ್ಯೆಯ ದಿನ ಮಾದಪ್ಪನ ಗುಡಿಯ ಮುಂದೆ ಎಲ್ಲರನ್ನೂ ಸೇರಿಸಿದರು. ಉರಿಯುವ ಕರ್ಪೂರವನ್ನು ಅಂಗೈಯಿಂದ ಹೊಡೆದು ಆರಿಸಿ ಆಡಿದ ಮಾತಿಗೆ ನಮ್ಮಲ್ಲಿ ತಪ್ಪುವಂತಿಲ್ಲ. ತಪ್ಪಿದವನ ಮನೆಯ ದೀಪವೂ ಹಾಗೆಯೇ ಆರುತ್ತದೆ ಎಂಬ ಭಯ. ಯಜಮಾನರು "ಇವತ್ತಿಂದ ಈ ಊರಲ್ಲಿ ಯಾರೂ ಕುಡಿಯೋ ಅಂಗಿಲ್ಲ" ಎಂದು ಮಾತು ಕಟ್ಟತೊಡಗಿದಾಗ ಹಿಂದೆ ಕುಳಿತಿದ್ದ ಮುದುಕರೊಬ್ಬರು ಎದ್ದು ನಿಂತರು.

"ಅಲ್ಲ ಯಜಮಾನ್ರೇ, ಕುಡಿಯೋದೇ ಬ್ಯಾಡ ಅಂತ ಆಣೆ ಇಕ್ಕುಸ್ಬುಟ್ರೆ ಮಾಲಯ ಅಮಾಸೆಗೆ ಸತ್ತೋರ ಎಡೆಗೆ ಏನಿಕ್ಕದು? ನಮ್ಮಪ್ಪ ಬರೀ ಪಾಯ್ಸಕ್ಕೆ ಬಂದಾನಾ?"

"ನಿಮ್ಮಪ್ಪ ಬದ್ಕಿದ್ದಾಗ್ಲೇ ಪಾಯ್ಸಕ್ಕೆ ಬತ್ತಿರ್ನಿಲ್ಲ, ಕೂತ್ಕ," ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಆದರೆ ಮಾತು ತಮಾಷೆಯದಾಗಿರಲಿಲ್ಲ. ಮಹಾಲಯ ಅಮಾವಾಸ್ಯೆಗೆ ಸತ್ತವರ ಹೆಸರಿನಲ್ಲಿ ಎಲೆ ಹಾಕಿ, ಅವರವರಿಗೆ ಇಷ್ಟವಾಗಿದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುತ್ತೇವೆ. ಅವರು ಬಂದು ಉಂಡು ಹೋಗಬೇಕು. ಕುಡಿಯುತ್ತಿದ್ದವರ ಎಲೆಗೆ ಕುಡಿಯುವುದನ್ನು ಇಡದಿದ್ದರೆ ಅವರು ಹೊಸಿಲು ದಾಟುವುದಿಲ್ಲ. ಗುಡಿಯ ಮುಂದೆ ಇದೇ ವಾದವಾಗಿ ಜನ ಎದ್ದು ಹೋಗುವ ಹಾಗಾಯಿತು.

ಆಗ ದೊಡ್ಡವ್ವ ಹೆಂಗಸರ ನಡುವಿನಿಂದ ಹೇಳಿದರು. ಎಂದಿನ ಹಾಗೆ ತಗ್ಗಿದ ದನಿ. "ಸತ್ತೋರ ಬಾಯಿಗೆ ನಾನ್ಯಾಕೆ ಬೀಗ ಆಕ್ಲಿ? ನಂಗೆ ಬದ್ಕಿರೋರು ಬೇಕು. ಸಾರಾಯಿ ಮುಟ್ಟಲ್ಲ ಅನ್ನಿ, ಸಾಕು. ಎಡೆಗೆ ಬೇಕಾದ್ರೆ ವರ್ಸಕ್ಕೊಂದ್ಸಲ ಕೊಳ್ಳೇಗಾಲದಿಂದ ಬ್ರಾಂದಿ ತಂದು ಇಕ್ಕಳ್ಳಿ."

ಎಲ್ಲರಿಗೂ ಒಪ್ಪಿಗೆಯಾಯಿತು. ಬ್ರಾಂದಿ ಆಗ ನಮ್ಮೂರಿನವರ ಕೈಗೆಟುಕುವ ಪದಾರ್ಥವಾಗಿರಲಿಲ್ಲ. ಅದು ಗಾಜಿನ ಸೀಸೆಯಲ್ಲಿ ಬರುತ್ತಿತ್ತು, ಸತ್ತವರಿಗಾಗಿ ಮಾತ್ರ ಬರುತ್ತಿತ್ತು. ಗಂಡಸರು ಒಬ್ಬೊಬ್ಬರಾಗಿ ಬಂದು ಕರ್ಪೂರದ ಮೇಲೆ ಕೈ ಹೊಡೆದು "ಸಾರಾಯಿ ಮುಟ್ಟಲ್ಲ" ಎಂದರು. ಅಪ್ಪನೂ ಹೊಡೆದರು. ದೊಡ್ಡವ್ವನ ಮಗ, ಆಗಷ್ಟೇ ಮೀಸೆ ಚಿಗುರುತ್ತಿದ್ದವನು, ತಾನೂ ಹೊಡೆಯುತ್ತೇನೆಂದು ಹಟ ಹಿಡಿದು ಹೊಡೆದ. ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ. ಅಂಗೈಯಲ್ಲಿ ಬೊಬ್ಬೆ ಬಂದದ್ದನ್ನು ಅವನು ವಾರವೆಲ್ಲ ನಮಗೆ ತೋರಿಸಿಕೊಂಡು ತಿರುಗಿದ.

ನಮ್ಮೂರಿನವರು ಆ ಆಣೆಗೆ ತಪ್ಪಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಕೂಲಿಗೆಂದು ಬೇರೆ ಊರುಗಳಿಗೆ ಹೋದವರು ಅಲ್ಲಿಯೂ ಸಾರಾಯಿ ಮುಟ್ಟಲಿಲ್ಲ. ಮುಂದೆ ಸರ್ಕಾರವೇ ರಾಜ್ಯದಲ್ಲೆಲ್ಲ ಸಾರಾಯಿ ನಿಲ್ಲಿಸಿದಾಗ ದೊಡ್ಡವ್ವ ಬೀದಿಗೆಲ್ಲ ಬೆಲ್ಲ ಹಂಚಿದರು.

ಆ ವರ್ಷಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಅಪ್ಪ ಕೊಳ್ಳೇಗಾಲದಿಂದ ಒಂದು ಚಿಕ್ಕ ಸೀಸೆ ತರುತ್ತಿದ್ದರು. ದೊಡ್ಡವ್ವ ಅದನ್ನು ಲೋಟಕ್ಕೆ ಬಗ್ಗಿಸಿ ದೊಡ್ಡಪ್ಪನ ಎಲೆಯ ಮುಂದೆ ಇಡುತ್ತಿದ್ದರು. ಎಡೆ ಎತ್ತಿದ ಮೇಲೆ ಅದನ್ನು ಚೆಲ್ಲುವಂತಿಲ್ಲ. ಮನೆಯ ಗಂಡಸು ಬಾಯಿಗೆ ಹಾಕಿಕೊಳ್ಳಬೇಕು. ಆ ಮನೆಯಲ್ಲಿ ಇದ್ದ ಗಂಡಸು ಅಣ್ಣ ಒಬ್ಬನೇ. ಮೊದಲ ಸಲ ಅವನು ಮುಖ ಸಿಂಡರಿಸಿ ಕೆಮ್ಮಿದಾಗ ದೊಡ್ಡವ್ವ ಅವನ ಬೆನ್ನು ತಟ್ಟಿ "ನುಂಗ್ಬುಡು ಮಗ, ನಿಮ್ಮಪ್ಪಂದು" ಎಂದಿದ್ದರು. ಅದು ನನ್ನ ಕಣ್ಣ ಮುಂದೆ ನಡೆದದ್ದು. ನನಗಾಗಲಿ ಅಲ್ಲಿದ್ದ ಬೇರೆ ಯಾರಿಗಾಗಲಿ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಬ್ರಾಂದಿ ಪಾಕೀಟಿನಲ್ಲಿ ಬರತೊಡಗಿದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಮೊದಲು ಹನೂರಿನಲ್ಲಿ ಸಿಗುತ್ತಿತ್ತು. ಆಮೇಲೆ ನಮ್ಮೂರಿನ ಪೆಟ್ಟಿಗೆ ಅಂಗಡಿಯಲ್ಲಿ, ಸೋಪಿನ ಡಬ್ಬಗಳ ಹಿಂದೆ ಕದ್ದು ಮಾರುವುದು ಶುರುವಾಯಿತು. ಗಾಜಿನ ಸೀಸೆಯ ಗತ್ತು ಹೋಗಿ ಅದು ಎಲ್ಲರ ಅಂಗಿಜೇಬಿಗೆ ಬಂತು. ದೊಡ್ಡವ್ವ ಅಂಗಡಿಯ ಕಟ್ಟೆಯ ಮೇಲೆ ಕುಳಿತವರನ್ನು ಕೇಳಲು ಹೋದಾಗ ಒಬ್ಬ ಎದ್ದು ನಿಂತು, ಮರ್ಯಾದೆಯಿಂದಲೇ ಹೇಳಿದ: "ದೊಡ್ಡವ್ವ, ಮಾದಪ್ಪನ ಮುಂದೆ ಇಟ್ಟ ಆಣೆ ತಪ್ಪಿದ್ರೆ ನಮ್ ಮನೆ ಉಳ್ದದಾ? ಇದು ಸಾರಾಯಿ ಅಲ್ಲ ಕಣವ್ವ, ಬ್ರಾಂದಿ. ನೀವೇ ಅವತ್ತು ಬುಟ್ಟಿದ್ರಲ್ಲ."

ಅವರು ವಾಪಸು ಬಂದು ನಮ್ಮ ಜಗಲಿಯಲ್ಲಿ ಕುಳಿತು ಅವ್ವನ ಕೈಯಿಂದ ನೀರು ಈಸಿಕೊಂಡು ಕುಡಿದರು. ಸಂಜೆ ಯಜಮಾನರ ಮನೆಗೆ ಹೋಗಿ ಮತ್ತೊಮ್ಮೆ ಕರ್ಪೂರ ಹಚ್ಚಿಸಿ ಎಂದು ಕೇಳಿದರು. "ಒಂದೇ ಇಸ್ಯಕ್ಕೆ ಎರಡ್ಸಲ ಆಣೆ ಇಕ್ಕುಸ್ಬಾರ್ದು ಕಣವ್ವ. ಮೊದಲ್ನೇದು ಸುಳ್ಳು ಅಂದಂಗಾಯ್ತದೆ," ಎಂದು ಅವರು ಕೈ ಮುಗಿದರಂತೆ.

ಅಷ್ಟರಲ್ಲಿ ಅಣ್ಣನೂ ಆ ಕಟ್ಟೆಯ ಮೇಲೆ ಕೂರುವವನಾಗಿದ್ದ. ಒಡೆಯರಪಾಳ್ಯದ ಕಡೆಯಿಂದ ಮುಸುಕಿನ ಜೋಳ ತುಂಬಿಕೊಂಡು ಹನೂರಿಗೆ ಟೆಂಪೋ ಓಡಿಸುತ್ತಿದ್ದ. ಕೆಟ್ಟವನಲ್ಲ. ನಾನು ಕಾಲೇಜಿಗೆ ಹೊರಟು ಬಸ್ಸು ತಪ್ಪಿಸಿಕೊಂಡರೆ ಕರೆದು ಕೂರಿಸಿಕೊಂಡು ಹೋಗುತ್ತಿದ್ದ. ದಾರಿಯುದ್ದಕ್ಕೂ ಗಾಜಿನ ಹೊರಗೇ ನೋಡುತ್ತಾ, ಉಸಿರು ನನ್ನ ಕಡೆ ಬರದ ಹಾಗೆ ಮುಖ ತಿರುಗಿಸಿಕೊಂಡು ಮಾತಾಡುತ್ತಿದ್ದ. ಒಂದು ಬೆಳಿಗ್ಗೆ ಎದುರು ಜಗಲಿಯಲ್ಲಿ ದೊಡ್ಡವ್ವ ಅವನ ಕೈ ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡದ್ದು ನಮಗೆ ಕಾಣಿಸಿತು.

"ನನ್ ತಲೆ ಮುಟ್ಟಿ ಯೋಳು, ಬುಡ್ತೀನಿ ಅಂತ."

ಅವನು ನಿಧಾನವಾಗಿ ಕೈ ಬಿಡಿಸಿಕೊಂಡ. "ಬ್ಯಾಡ ಕಣವ್ವ. ಯೋಳ್ಬುಟ್ಟು ಕುಡುದ್ರೆ ನೀನು ಸತ್ತೋಯ್ತೀಯ. ನಂಗೆ ನೀನು ಬೇಕು."

ಅವನ ಅಪ್ಪನಿಗೆ ಬಂದದ್ದೇ ಅವನಿಗೂ ಬಂತು, ಅಪ್ಪನಿಗಿಂತ ಬೇಗ ಬಂತು. ಮದುವೆಯಾಗಿರಲಿಲ್ಲ. ಬಂದ ಒಂದೆರಡು ಸಂಬಂಧಗಳು ಊರಿನಲ್ಲಿ ವಿಚಾರಿಸಿಕೊಂಡು ಹಿಂದಕ್ಕೆ ಹೋಗಿದ್ದವು. ಕೊಳ್ಳೇಗಾಲದ ಆಸ್ಪತ್ರೆಯಿಂದ ಮೈಸೂರಿಗೆ ಕರೆದೊಯ್ಯಲು ಹೇಳಿದರು. ಆಗ ಅಲ್ಲೇ ಓದುತ್ತಿದ್ದ ನಾನು ಅವನನ್ನು ನೋಡಲು ಹೋದೆ. ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತಿದ್ದ ದೊಡ್ಡವ್ವ ನನ್ನ ಕೈ ಹಿಡಿದು "ಸಾರಾಯಿ ಒಂದಿನಕ್ಕೂ ಮುಟ್ನಿಲ್ಲ ಕಣವ್ವ ಇವ್ನು. ಡಾಕ್ಟ್ರಿಗೆ ನೀನಾದ್ರೂ ಯೋಳು" ಎಂದರು. ನಾನು ಡಾಕ್ಟರಿಗೆ ಏನು ಹೇಳಲಿ... ಅದು ನಿಜವೇ ಆಗಿತ್ತು. ಸಾಯುವ ತನಕ ಅವನು ಸಾರಾಯಿ ಮುಟ್ಟಿರಲಿಲ್ಲ.

ಅವನು ಸತ್ತ ವರ್ಷದ ಮಹಾಲಯ ಅಮಾವಾಸ್ಯೆಗೆ ಅಪ್ಪ ರೂಢಿಯಂತೆ ಬ್ರಾಂದಿ ತಂದರು. ದೊಡ್ಡವ್ವ ನಡುಮನೆಯಲ್ಲಿ ಗಂಡನಿಗೊಂದು, ಮಗನಿಗೊಂದು ಎಲೆ ಹಾಕಿ ಅನ್ನ, ಬಾಡಿನ ಸಾರು, ಕಜ್ಜಾಯ, ಮಗನಿಗೆಂದು ಒಂದು ಹೊಸ ಅಂಗಿ ಇಟ್ಟಿದ್ದರು.

"ಅತ್ಗೆ, ಇದ ಇಕ್ಕಿ," ಎಂದರು ಅಪ್ಪ.

"ನಮ್ಮನೇಲಿ ಇನ್ಮೇಲೆ ಅದು ಎಲೆ ಮುಂದಕ್ಕೆ ಬರಕಿಲ್ಲ."

"ಉಡ್ಗ ಆಸೆ ಪಡ್ತಿದ್ದುದ್ದ ಇಕ್ಬೇಕಲ್ವಾ? ಬಂದು ನೋಡ್ಬುಟ್ಟು ವಾಪಸ್ ಓದ್ರೆ ಏನ್ ಮಾಡೀರಿ?"

ದೊಡ್ಡವ್ವ ದೀಪದ ಬತ್ತಿ ಸರಿಮಾಡಿ ಹೊರಗೆ ಬಂದರು. ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಹೊರಗೆ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋದಾಗ ಅವರು ಮಗನ ಎಲೆಯ ಮುಂದೆ ಬಗ್ಗಿ ಅನ್ನವನ್ನು ನೋಡಿದರು. ಸತ್ತವರು ಬಂದಿದ್ದರೆ ಅನ್ನದ ಮೇಲೆ ಏನಾದರೊಂದು ಗುರುತು ಇರುತ್ತದೆ ಎಂದು ನಮ್ಮಲ್ಲಿ ನೋಡುತ್ತಾರೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಬೇರೆ ಕೆಲಸಕ್ಕೆ ತೊಡಗಿದರು.

ಅಪ್ಪ ಆ ಮಾತು ಆಡಬಾರದಿತ್ತು. ಅದು ಅವರೊಳಗೆ ಇಳಿದುಬಿಟ್ಟಿತು. ಮರುಬೇಸಗೆ ಹುಣಸೆಹಣ್ಣು ಕುಟ್ಟುವಾಗ, ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಅವರು ನನ್ನನ್ನು ಕೇಳಿದರು: "ನೀನು ಓದಿರೋಳು. ಸತ್ತೋರು ಬರ್ತಾರೆ ಅನ್ನೋದು ನಿಜ್ವಾ?" ನನಗೆ ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿದರು. "ಬಾಗ್ಲಲ್ಲಿ ನಿಂತ್ಕಂಡು ನೋಡ್ಬುಟ್ಟು ಓದ್ನೇನೋ. ವರ್ಸೆಲ್ಲ ಉಪಾಸ ಇದ್ದಾನೇನೋ ಕಣವ್ವ..."

ಮುಂದಿನ ಅಮಾವಾಸ್ಯೆಗೆ ನಾನು ಊರಿನಲ್ಲಿದ್ದೆ. ನಡುಮಧ್ಯಾಹ್ನ ದೊಡ್ಡವ್ವ ಸೀರೆ ಬದಲಿಸಿಕೊಂಡು ಮನೆಯಿಂದ ಹೊರಟರು. ಅವ್ವ ಹೇಳಿದ್ದಕ್ಕೆ ನಾನೂ ಹಿಂದೆ ಹೋದೆ. ಅವರು ನೇರವಾಗಿ ಪೆಟ್ಟಿಗೆ ಅಂಗಡಿಯ ಮುಂದೆ ನಿಂತರು. ಅಂಗಡಿಯವನು ಅವರನ್ನು ಕಂಡದ್ದೇ ಎದ್ದು "ನಮ್ತಾವ ಅದೆಲ್ಲ ಇಲ್ಲ ಕಣಕ್ಕ, ಬೇಕಾರೆ ಒಳೀಕ್ ಬಂದು ನೋಡಿ" ಎಂದ.

"ನಿನ್ನ ಪೋಲೀಸ್ರಿಗೆ ಇಡ್ಕೊಡಾಕೆ ಬಂದಿಲ್ಲ ಕಣ್ಲಾ. ನಮ್ ಉಡ್ಗನಿಗೆ ಒಂದು ಕೊಡು."

ಕಟ್ಟೆಯ ಮೇಲಿದ್ದ ಪಡ್ಡೆ ಹುಡುಗನೊಬ್ಬ "ಏನಜ್ಜಿ, ನೀನೂ ಎಳಂದೂರಿಗೆ ಒಂಟ್ಯಾ?" ಎಂದ. ಪಕ್ಕದವನು ಅವನ ತಲೆಗೆ ಮೊಟಕಿದ.

"ಯಾವ್ದಕ್ಕ ಕೊಡ್ಲಿ?" ಎಂದ ಅಂಗಡಿಯವನು, ನೆಲ ನೋಡುತ್ತಾ.

"ಅವ್ನು ಯಾವ್ದ ತಕತ್ತಿದ್ನೋ ಅದ. ನಂಗೆಲ್ಲಿ ಗೊತ್ತು, ನಿಂಗೆ ಗೊತ್ತು."

ಅವನು ಸೋಪಿನ ಡಬ್ಬಗಳ ಹಿಂದೆ ಕೈ ಹಾಕಿ, ಹುಡುಕದೆ, ಒಂದನ್ನು ತೆಗೆದ. ಪೇಪರಿನಲ್ಲಿ ಸುತ್ತಿಕೊಡಲು ಹೋದ. ದೊಡ್ಡವ್ವ ಪೇಪರು ಬೇಡವೆಂದರು. ಅದನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲರಿಗೂ ಕಾಣುವ ಹಾಗೆ ಬೀದಿಯುದ್ದಕ್ಕೂ ನಡೆದು ಮನೆಗೆ ಬಂದರು. ಬಿಚ್ಚುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಅಪ್ಪ ಬ್ಲೇಡಿನಿಂದ ಮೂಲೆ ಕತ್ತರಿಸಿ ಲೋಟಕ್ಕೆ ಬಗ್ಗಿಸಿದರು. ನಡುಮನೆಯೆಲ್ಲ ಆ ವಾಸನೆ. ಬಾಗಿಲು ತೆಗೆದು ಒಳಗೆ ಹೋದಾಗ ಈ ಸಲ ದೊಡ್ಡವ್ವ ಎಲೆಯ ಹತ್ತಿರ ಬಗ್ಗಿ ನೋಡಲಿಲ್ಲ. ಗೋಡೆಗೆ ಒರಗಿ ಕುಳಿತರು. "ಬಂದಿದ್ದ," ಎಂದರು.

ಆ ವರ್ಷ ಪಕ್ಕದ ಊರುಗಳ ಹೆಂಗಸರು ಪೆಟ್ಟಿಗೆ ಅಂಗಡಿಗಳ ಮಾರಾಟ ನಿಲ್ಲಿಸಬೇಕೆಂದು ಹನೂರಿನಲ್ಲಿ ಧರಣಿ ಕೂರಲು ಹೊರಟಿದ್ದರು. ಮೊದಲು ದೊಡ್ಡವ್ವನನ್ನೇ ಕರೆಯಲು ಬಂದರು. ಅವರು ಬಾಗಿಲಲ್ಲೇ ನಿಂತು "ನಾನು ಬರಂಗಿಲ್ಲ ಕಣ್ರವ್ವ. ನಾನೇ ಓಗಿ ಪಾಕೀಟು ತಕಂಡ್ ಬಂದಿದ್ದೀನಲ್ಲ, ಯಾವ ಬಾಯಲ್ಲಿ ಕೇಳ್ಲಿ?" ಎಂದರು. ಬಂದವರು ಬಹಳ ಹೇಳಿದರು. ದೊಡ್ಡವ್ವ ಒಳಗೆ ಹೋದರು. ಮುಂದಿನ ಬೇಸಗೆ ಅವರ ಜಗಲಿಯ ಮೇಲೆ ಯಾರೂ ಹುಣಸೆಹಣ್ಣು ಕುಟ್ಟಲಿಲ್ಲ.

ದೊಡ್ಡವ್ವ ತೀರಿಕೊಂಡಾಗ ನಾನು ಮೈಸೂರಿನಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ಅಪ್ಪ ಫೋನು ಮಾಡಿದ್ದು ಎಲ್ಲ ಮುಗಿದ ಮೇಲೆ. ಕಾಯಿಲೆ ಏನೂ ಇರಲಿಲ್ಲವಂತೆ. ಬೆಳಿಗ್ಗೆ ಬಾಗಿಲು ತೆಗೆದಿರಲಿಲ್ಲವಂತೆ.

ಮೊನ್ನೆ ಆ ಬಸ್ಸಿನಲ್ಲಿ ನಾನು ಊರಿಗೆ ಹೋಗುತ್ತಿದ್ದುದು ಮಹಾಲಯ ಅಮಾವಾಸ್ಯೆಗೇ. ಆ ಮನೆಯಲ್ಲಿ ಎಲೆ ಹಾಕುವವರು ಯಾರೂ ಉಳಿದಿಲ್ಲವಾದ್ದರಿಂದ ಅವರ ಎಲೆಗಳೂ ಈಗ ನಮ್ಮ ನಡುಮನೆಗೆ ಬಂದಿವೆ. ದೊಡ್ಡಪ್ಪನ ಎಲೆಗೆ, ಅಣ್ಣನ ಎಲೆಗೆ ಏನಿಡಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಪ್ಪ ತಂದು ಇಟ್ಟಾಗಿತ್ತು. ಅವ್ವ ಮೂರನೆಯ ಎಲೆಯ ಮುಂದೆ ಸೌಟು ಹಿಡಿದು ನಿಂತಿದ್ದಳು.

"ನಿಮ್ ದೊಡ್ಡವ್ವಂಗೆ ಏನಂದ್ರೆ ಆಸೆ ಇತ್ತು?" ಎಂದು ನನ್ನನ್ನು ಕೇಳಿದಳು.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಯೋಚಿಸಿದರು. "ಟೀ ಕುಡೀತಿದ್ರಲ್ಲ?"

"ಟೀ ಯಾರ್ ಕುಡಿಯಲ್ಲ?" ಎಂದಳು ಅವ್ವ.

ಅವರಿಗೆ ಏನು ಕಂಡರೆ ಆಗುತ್ತಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಇಷ್ಟೂ ವರ್ಷ ಎದುರು ಮನೆಯಲ್ಲಿದ್ದು, ಅವರ ಜಗಲಿಯಲ್ಲೇ ಬೆಳೆದು, ಅವರು ಯಾವುದನ್ನು ಇಷ್ಟಪಟ್ಟು ತಿನ್ನುತ್ತಿದ್ದರು ಎಂಬುದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ, ನೋಡಿರಲೂ ಇಲ್ಲ. ಕೊನೆಗೆ ಅವ್ವ ಎಲ್ಲರಿಗೂ ಬಡಿಸಿದ್ದನ್ನೇ ಬಡಿಸಿದಳು. ಅಪ್ಪ ಬಾಗಿಲು ಮುಂದಕ್ಕೆ ಎಳೆದುಕೊಂಡರು. ನಾವು ಮೂವರೂ ಜಗಲಿಯಲ್ಲಿ ನಿಂತೆವು. ದೊಡ್ಡವ್ವ ಬಂದರೂ, ಅಷ್ಟು ಎಲೆಗಳ ನಡುವೆ ತಮ್ಮದು ಯಾವುದೆಂದು ಹೇಗೆ ಗುರುತು ಹಿಡಿಯುತ್ತಾರೆ ಎಂದು ನಾನು ಯೋಚಿಸುತ್ತಿದ್ದೆ.